ದೊಡ್ಡ ಗಾಲಿಯ ಕುರ್ಚಿ, ಒಳಗಿನ ಚಿಲಕ

"ಇವರಿಗೆ ತಾವಾಗಿ ಕೂತ್ಕೊಳ್ಳಕ್ಕೆ ಆಗತ್ತಾ ಅಮ್ಮಾ?"

ಬಚ್ಚಲುಮನೆಯ ಬಾಗಿಲಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದ ಯೋಗಾನಂದ ಈ ಪ್ರಶ್ನೆಯನ್ನು ಕೇಳಿದ್ದು ರಮಾ ಅವರನ್ನು. ಅವರ ಮಗಳು ಹರಿಪ್ರಿಯಾ ಇಬ್ಬರ ನಡುವೆಯೇ ತನ್ನ ಗಾಲಿಕುರ್ಚಿಯಲ್ಲಿ ಕೂತಿದ್ದಳು.

"ಇವರಿಗೆ ಕಿವೀನೂ ಕೇಳ್ಸತ್ತೆ," ಅಂದಳು ಹರಿಪ್ರಿಯಾ. "ಬಾಯೂ ಇದೆ. ಸ್ವಲ್ಪ ಜಾಸ್ತಿನೇ ಇದೆ ಅಂತಾರೆ."

ಯೋಗಾನಂದ ತಬ್ಬಿಬ್ಬಾದ.

ಓಕ್ಲ್ಯಾಂಡಿನ ಒಂದು ಸೇವಾಸಂಸ್ಥೆಯಲ್ಲಿ ಅವನಿಗೆ ಕೆಲಸ. ಅಂಗವಿಕಲರ ಮನೆಗಳಿಗೆ ಹೋಗಿ ಅಳತೆ ತೆಗೆಯುವುದು, ತಕ್ಕ ಕುರ್ಚಿ ಆರಿಸುವುದು, ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು. ಹನ್ನೊಂದು ವರ್ಷದ ಅನುಭವ. ಇಂಗ್ಲಿಷ್ ಮಾತಾಡುವ ಮನೆಗಳಲ್ಲಿ ಈ ತಪ್ಪನ್ನು ಅವನು ಒಮ್ಮೆಯೂ ಮಾಡಿದವನಲ್ಲ. ಇಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹಿರಿಯರು ಎದುರಿಗಿರುವಾಗ ಕಿರಿಯರನ್ನು ಮಾತಾಡಿಸುವುದು ಮರ್ಯಾದೆಯಲ್ಲ ಎಂಬ ಮಂಡ್ಯದ ಪಾಠ ಒಳಗಿನಿಂದ ಎದ್ದು ಬಂದಿತ್ತು. ಮರ್ಯಾದೆ ಎಂಬುದು ಹಾಗೆಯೇ. ಅದು ಯಾರಿಗೆ ಸಲ್ಲುತ್ತಿದೆ ಎಂದು ನೋಡುವಷ್ಟರಲ್ಲಿ ಇನ್ಯಾರದೋ ಕಾಲು ತುಳಿದಿರುತ್ತದೆ.

"ತಪ್ಪಾಯ್ತು ಮೇಡಂ."

"ಮೇಡಂ ಬೇಡ. ಹರಿಪ್ರಿಯಾ ಅಂತ ಹೆಸರಿದೆ. ಅದನ್ನೂ ಅಮ್ಮನ್ನ ಕೇಳಬೇಕಾಗಿಲ್ಲ."

ಅಮ್ಮ ರಮಾ ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ನಾಲ್ಕು ವರ್ಷದ ಹಿಂದೆ ಮಗಳು ಗುಡ್ಡದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗ ವಿಮಾನ ಹತ್ತಿ ಇಲ್ಲಿಗೆ, ಮೌಂಟನ್ ವ್ಯೂ ಊರಿಗೆ ಬಂದರು. ಬಂದವರು ಹರಿಪ್ರಿಯಾಳನ್ನು ಉಳಿಸಿಕೊಂಡರು, ಅದು ನಿಜ. ಉಳಿಸಿಕೊಂಡದ್ದನ್ನು ಮತ್ತೆ ಕೈಯಿಂದ ಬಿಡಲಿಲ್ಲ, ಅದೂ ನಿಜ.

ಮೂವತ್ತೈದು ವರ್ಷದ ಹರಿಪ್ರಿಯಾ ಕಂಪನಿಯೊಂದರಲ್ಲಿ ನಕ್ಷೆಗಳ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದಳು. ದಿನವಿಡೀ ಊರೂರ ದಾರಿ ತಿದ್ದುವವಳಿಗೆ ಸ್ವಂತ ಬಚ್ಚಲಿಗೆ ಮಾತ್ರ ಒಬ್ಬಳೇ ಹೋಗುವ ದಾರಿ ಇರಲಿಲ್ಲ. ಪ್ರತಿದಿನ ಬೆಳಗ್ಗೆ ಅಮ್ಮನೇ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ನೀರು ಹಾಕಿ, ಸೋಪು ಹಚ್ಚಿ... ಬಾಗಿಲು ತೆರೆದೇ ಇರುತ್ತಿತ್ತು.

"ಸ್ನಾನದ ಕುರ್ಚಿಗೆ ಚಿಕ್ಕ ಗಾಲೀನೇ ಸಾಕಪ್ಪ," ರಮಾ ಅಂದರು. "ನಾಲ್ಕೂ ಚಿಕ್ಕದು. ಹಿಂದಿನಿಂದ ನಾನು ತಳ್ತೀನಿ. ನಾನಿರೋವಾಗ ಅವಳ್ಯಾಕೆ ಕೈ ನೋಯಿಸ್ಕೋಬೇಕು?"

ಯೋಗಾನಂದ ಈ ಸಲ ಎಚ್ಚರ ತಪ್ಪಲಿಲ್ಲ. ನೆಲದ ಮೇಲೆ ಮಂಡಿಯೂರಿ, ಹರಿಪ್ರಿಯಾಳ ಕಣ್ಣಿನ ಮಟ್ಟಕ್ಕೆ ಬಂದು ಕೇಳಿದ.

"ಕುರ್ಚಿ ಯಾರು ಓಡಿಸ್ತಾರೆ?"

ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹರಿಪ್ರಿಯಾ ಕಮೋಡಿನ ಕಡೆ ನೋಡಿದಳು. 'ಇವನ ಮುಂದೆ ಅಳಬಾರದು. ಅದೂ ಕಮೋಡಿನ ಪಕ್ಕದಲ್ಲಿ ಕೂತು.'

"ನಾನು," ಅಂದಳು.

"ಹಾಗಾದ್ರೆ ಹಿಂದೆ ದೊಡ್ಡ ಗಾಲಿ. ಕೈಯಲ್ಲಿ ಹಿಡಿದು ತಿರುಗಿಸೋ ಬಳೆ ಇರತ್ತೆ. ಕುರ್ಚಿಯ ಪಕ್ಕದ ಕೈಗಳು ಮೇಲಕ್ಕೆತ್ತೋ ಹಾಗಿರಬೇಕು, ಇಲ್ಲಾಂದ್ರೆ ಈ ಕುರ್ಚಿಯಿಂದ ಆ ಕುರ್ಚಿಗೆ ಜಾರಕ್ಕಾಗಲ್ಲ. ಸೀಟು ಮೆತ್ತಗಿರಬೇಕು. ನಿಮಗೆ ಕೆಳಗೆ ಸ್ಪರ್ಶ ಗೊತ್ತಾಗಲ್ಲ ಅಲ್ವಾ, ಗಟ್ಟಿ ಸೀಟು ಚರ್ಮ ಒತ್ತಿ ಗಾಯ ಮಾಡಿದ್ರೂ ತಿಳಿಯಲ್ಲ."

"ನಮ್ಮನೇಲಿ ಇಷ್ಟು ಮಾತು ಯಾರೂ ನನ್ನ ಹತ್ರ ನೇರವಾಗಿ ಆಡಿಲ್ಲ," ಅಂದಳು ಹರಿಪ್ರಿಯಾ.

"ನೇರವಾಗಿ ಆಡದಿದ್ರೆ ಬೈತೀರಲ್ಲ," ಅಂದ ಅವನು, ಕಮೋಡಿನ ಎತ್ತರ ಅಳೆಯುತ್ತಾ. ಕುರ್ಚಿ ಅದರ ಮೇಲೆ ಹಿಂದಕ್ಕೆ ಸರಿದು ನಿಲ್ಲುವಂತಿರಬೇಕಿತ್ತು.

ರಮಾ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬಿದ್ರೆ?"

"ಬಿದ್ರೆ ಬೀಳ್ತೀನಿ ಅಮ್ಮ."

"ಅದೇನು ದೊಡ್ಡ ಸಾಧನೆನಾ?"

"ಗೊತ್ತಿಲ್ಲ. ನೀನು ಒಂದ್ಸಲಾನೂ ಬೀಳಕ್ಕೆ ಬಿಟ್ಟಿಲ್ವಲ್ಲ."

ಮೂರು ವಾರಕ್ಕೆ ಕುರ್ಚಿ ಬಂತು. ಅದರ ಜೊತೆ ಬಾಗಿಲಿಗೆ ಒಂದು ಚಿಲಕವೂ. ಚಿಲಕವನ್ನು ಕೂತವರ ಕೈಗೆ ಎಟಕುವ ಎತ್ತರದಲ್ಲಿ ಕೂರಿಸಬೇಕೆಂದು ಹರಿಪ್ರಿಯಾ ಕೇಳಿದಳು. ಅವನು 'ಯಾಕೆ' ಅನ್ನಲಿಲ್ಲ. ನೆಲದಿಂದ ಎಷ್ಟು ಎತ್ತರ ಎಂದಷ್ಟೇ ಕೇಳಿದ.

ಮರುದಿನ ಅವಳು ಆ ಚಿಲಕ ಹಾಕಿಕೊಂಡು ನಲವತ್ತು ನಿಮಿಷ ಸ್ನಾನ ಮಾಡಿದಳು. ಅದರಲ್ಲಿ ಇಪ್ಪತ್ತು ನಿಮಿಷ ಬರೀ ನೀರಿನ ಕೆಳಗೆ ಕೂತಿದ್ದಳು. ಏನೂ ಮಾಡದೆ, ಯಾರಿಗೂ ಏನೂ ಹೇಳದೆ. ಹೊರಗೆ ರಮಾ ಐದು ಸಲ ಬಾಗಿಲು ತಟ್ಟಿದರು.

ಒಂದು ಒಪ್ಪಂದವಾಯಿತು. ವಾರದ ಆರು ದಿನ ಹರಿಪ್ರಿಯಾಳದು. ಶುಕ್ರವಾರದ ಎಣ್ಣೆಸ್ನಾನ ಮಾತ್ರ ಅಮ್ಮನದು. ನೆತ್ತಿಗೆ ಹರಳೆಣ್ಣೆ ಒತ್ತಿ, ಸೀಗೆಪುಡಿ ಹಾಕಿ ತಿಕ್ಕುವ ಹಕ್ಕನ್ನು ರಮಾ ಯಾವ ದೇಶದಲ್ಲೂ ಬಿಟ್ಟುಕೊಡುವವರಲ್ಲ.

ಸಂಸ್ಥೆಯ ನಿಯಮದ ಪ್ರಕಾರ ಕುರ್ಚಿ ಕೊಟ್ಟ ಮೇಲೆ ಒಂದು ಸಲ ಬಂದು ನೋಡಿದರೆ ಸಾಕು. ಯೋಗಾನಂದ ಎರಡು ತಿಂಗಳಲ್ಲಿ ಐದು ಸಲ ಬಂದ. ಮುಂದಿನ ಪುಟ್ಟ ಗಾಲಿಗಳ ಅಚ್ಚಿಗೆ ಕೂದಲು ಸುತ್ತಿಕೊಂಡಿದೆಯೇ ಎಂದು ನೋಡಿದ. ಸೀಟಿನ ಹೊದಿಕೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿದ. ನೋಡುವುದಕ್ಕೆ ಹತ್ತು ನಿಮಿಷ ಸಾಕಿತ್ತು. ಕಾಫಿಗೆ ಒಂದು ಗಂಟೆ ಹಿಡಿಯುತ್ತಿತ್ತು.

"ಸ್ನಾನ ಆದ್ಮೇಲೆ ಸೋಪಿನ ನೀರು ಪೂರ್ತಿ ತೊಳೆದು ಒರೆಸಿಡ್ತೀರಾ?" ಎಂದು ಕೇಳುತ್ತಿದ್ದ.

"ದಿನಾ."

"ಬೋಲ್ಟುಗಳು?"

"ತಿಂಗಳಿಗೊಂದ್ಸಲ ನಾನೇ ನೋಡ್ತೀನಿ. ಸ್ಪ್ಯಾನರು ತಗೊಂಡಿದೀನಿ."

"ಸ್ಪ್ಯಾನರಾ?" ಅವನ ಮುಖ ಅರಳುತ್ತಿತ್ತು. ಮಂಡ್ಯದಲ್ಲಿ ಸೈಕಲ್ ಶಾಪು ನಡೆಸುತ್ತಿದ್ದವರ ಮಗ ಅವನು. ಕೆಲವರು ಮಲ್ಲಿಗೆ ಕಂಡರೆ ಕರಗುತ್ತಾರೆ.

'ಕುರ್ಚಿ ನೋಡಕ್ಕೆ ಬರೋನು ಕುರ್ಚಿನೇ ನೋಡ್ತಾನೆ,' ಎಂದು ಹರಿಪ್ರಿಯಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡು, ಅವನು ಬರುವ ದಿನ ನೀಲಿ ಕುರ್ತಾ ಹಾಕಿಕೊಳ್ಳುತ್ತಿದ್ದಳು.

ಆಮೇಲೆ ಒಂದು ಶನಿವಾರ ಬೆಳಗ್ಗೆ ಅವಳು ಬಿದ್ದಳು.

ಸ್ನಾನ ಮುಗಿದಿತ್ತು. ಬ್ರೇಕು ಒತ್ತಿ, ಕುರ್ಚಿಯ ಪಕ್ಕದ ಕೈ ಎತ್ತಿ, ತನ್ನ ಗಾಲಿಕುರ್ಚಿಗೆ ಜಾರುವಾಗ ಸ್ನಾನದ ಕುರ್ಚಿ ಹಿಂದಕ್ಕೆ ಸರಿಯಿತು. ಬ್ರೇಕು ಹಾಕಿದ್ದರೂ ಅದು ನೀರು ಹರಿಯುವ ಇಳಿಜಾರಿನ ಕಡೆ ಮೆಲ್ಲನೆ ಹೋಯಿತು. ಹರಿಪ್ರಿಯಾ ಎರಡು ಕುರ್ಚಿಗಳ ನಡುವೆ ನೆಲಕ್ಕೆ ಬಂದಳು.

"ಹರೀ... ಚಿಲಕ ತೆಗಿಯೇ. ಹರೀ..."

ಹೊರಗಿನ ಆ ದನಿಯನ್ನು ಅವಳು ಮರೆಯಲಾರಳು. ಟವೆಲು ಎಳೆದುಕೊಂಡು, ಕೈಯೂರಿ ತೆವಳಿ ಬಾಗಿಲಿಗೆ ಬಂದು ಚಿಲಕ ತೆಗೆಯಲು ಆರು ನಿಮಿಷ ಹಿಡಿಯಿತು. ಮಣಿಕಟ್ಟು ಊದಿಕೊಂಡಿತ್ತು, ಅಷ್ಟೇ. ಆದರೆ ಆ ಆರು ನಿಮಿಷದಲ್ಲಿ ರಮಾ ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು.

ಯೋಗಾನಂದ ಮಧ್ಯಾಹ್ನವೇ ಓಡಿಬಂದ. ಕುರ್ಚಿ ಮಗುಚಿ ಹಾಕಿ, ಬ್ರೇಕಿನ ಮೇಲೆ ಬೆರಳಾಡಿಸಿದ. ಬೆರಳನ್ನು ಮೂಗಿನ ಹತ್ತಿರ ತಂದ. ತಲೆಯೆತ್ತಿ ರಮಾ ಅವರನ್ನು ನೋಡಿದ. ಅವರು ಗೋಡೆಗೆ ಒರಗಿ ನಿಂತಿದ್ದರು. ಎರಡೂ ಕೈ ನಡುಗುತ್ತಿದ್ದವು.

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನನ್ನ ತಪ್ಪು ಅಮ್ಮಾ," ಅಂದ. "ಬ್ರೇಕಿನ ಸ್ಕ್ರೂ ಸರಿಯಾಗಿ ಬಿಗಿ ಮಾಡಿರಲಿಲ್ಲ."

ಹರಿಪ್ರಿಯಾಳಿಗೆ ಮಣಿಕಟ್ಟಿನ ನೋವು ಆಗ ಗೊತ್ತಾಯಿತು. 'ಐದು ಸಲ ಬಂದು ಇವನು ನೋಡಿದ್ದೇನು? ನಾನು ಇವನನ್ನ ನಂಬಿದ್ನಲ್ಲ...'

ರಮಾ ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟರು. "ತಗೊಂಡ್ಹೋಗಿ ಇದನ್ನ. ನಾಲ್ಕು ಚಿಕ್ಕ ಗಾಲೀದು ತಂದ್ಬಿಡಿ. ಇನ್ಮೇಲೆ ನಾನೇ ಸ್ನಾನ ಮಾಡಿಸ್ತೀನಿ. ಆ ಚಿಲಕಾನೂ ಬಿಚ್ಚಿ."

ಅವನು ಹರಿಪ್ರಿಯಾಳ ಕಡೆ ತಿರುಗಿದ. "ನೀವು ಏನಂತೀರಿ?"

"ಸ್ಕ್ರೂ ಬಿಗಿ ಮಾಡಕ್ಕೆ ಬರದೋರ ಹತ್ರ ನಾನು ಏನು ಹೇಳಲಿ?" ಅಂದಳು ಅವಳು. "ಅದೇನು ಬಿಚ್ಚಬೇಕೋ ಬಿಚ್ಕೊಂಡ್ ಹೋಗಿ."

ಕೋಪದಲ್ಲಿ ಆಡಿದ ಮಾತಿಗೆ ಒಂದು ಕೆಟ್ಟ ಗುಣವಿದೆ. ಎದುರಿನವರು ಕೆಲವೊಮ್ಮೆ ಅದನ್ನು ಪಾಲಿಸಿಬಿಡುತ್ತಾರೆ.

ಬದಲಿ ಕುರ್ಚಿಯಲ್ಲಿ ಹದಿಮೂರು ದಿನ ಕಳೆಯಿತು. ಅಮ್ಮ ತಳ್ಳಿದಾಗ ಹೋಗುವುದು, ನಿಲ್ಲಿಸಿದಾಗ ನಿಲ್ಲುವುದು. ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತು. ಯೋಗಾನಂದನ ಸುಳಿವಿಲ್ಲ, ಫೋನಿಲ್ಲ. ಬದಲಿಗೆ ಅವನ ಸಹೋದ್ಯೋಗಿ ಕಿರಣಕುಮಾರ ಎಂಬಾತ ಫೋನು ಮಾಡಿ, ಇನ್ನು ಮುಂದೆ ನಿಮ್ಮ ಫೈಲು ನನ್ನ ಹತ್ತಿರ ಇರುತ್ತದೆ ಎಂದು ವಿನಯವಾಗಿ ತಿಳಿಸಿದ.

'ಓಡಿಹೋದ,' ಅಂದುಕೊಂಡಳು ಹರಿಪ್ರಿಯಾ. ನೀಲಿ ಕುರ್ತಾವನ್ನು ಬೀರುವಿನ ತಳಕ್ಕೆ ತುರುಕಿದಳು.

ಹದಿನಾಲ್ಕನೆಯ ದಿನ ಶುಕ್ರವಾರ. ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ ತಲೆ ತೊಳೆದು ಮುಗಿಸಿದ ರಮಾ, ಬಟ್ಟಲಿನಲ್ಲಿ ಉಳಿದ ಹರಳೆಣ್ಣೆಯನ್ನು ಬೆರಳಿನಿಂದ ಬಳಿದು, ಬಗ್ಗಿ, ಬದಲಿ ಕುರ್ಚಿಯ ಬ್ರೇಕಿಗೆ ಸವರಿದರು.

ಹರಿಪ್ರಿಯಾ ತಲೆಯನ್ನು ಪಕ್ಕಕ್ಕೆ ತಿರುಗಿಸಿದಳು. "ಏನಮ್ಮ ಅದು?"

"ತುಂಬ ಬಿಗಿ ಕಣೇ ಇದು. ಕಾಲಲ್ಲಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯತ್ತೆ. ಸ್ವಲ್ಪ ಎಣ್ಣೆ ಬಿದ್ರೆ ಮೆತ್ತಗಾಗತ್ತೆ."

"...ಆ ಕುರ್ಚಿಗೂ ಹಾಕಿದ್ಯಾ?"

"ಹಾಕ್ದೆ. ನೀನು ಬ್ರೇಕು ಒತ್ತೋವಾಗ ಮುಖ ಹಿಂಡ್ತಿದ್ದೆ. ನೋಡಕ್ಕಾಗ್ಲಿಲ್ಲ. ಪ್ರತಿ ಶುಕ್ರವಾರ ಒಂದೆರಡು ತೊಟ್ಟು, ಗಾಲಿಗೂ ಬ್ರೇಕಿಗೂ." ರಮಾ ನೆಟ್ಟಗಾದರು. "ಯಾಕೆ? ಅದು ಎಣ್ಣೆಯಿಂದ ಆಗಿದ್ದಲ್ಲ. ಆ ಯೋಗಾನಂದನೇ ಹೇಳಿದ್ನಲ್ಲ, ಸ್ಕ್ರೂ ಸಡಿಲ ಇತ್ತು ಅಂತ."

ಬೆರಳು ಮೂಗಿನ ಹತ್ತಿರ ಹೋದದ್ದು ಹರಿಪ್ರಿಯಾಳಿಗೆ ನೆನಪಾಯಿತು. ಪ್ಯಾಂಟಿಗೆ ಒರೆಸಿಕೊಂಡದ್ದೂ.

"ಅಮ್ಮ, ಮೊದಲು ಅದನ್ನ ಸೋಪು ಹಾಕಿ ತೊಳಿ. ನಾನು ಓಕ್ಲ್ಯಾಂಡಿಗೆ ಹೋಗಬೇಕು."

"ಒಬ್ಬಳೇನಾ? ನಾನೂ ಬರ್ತೀನಿ."

"ಬೇಡ."

"ತಲೆ ಆರಿಲ್ಲ ಕಣೇ..."

"ರೈಲಲ್ಲಿ ಆರತ್ತೆ."

ಮೌಂಟನ್ ವ್ಯೂನಿಂದ ಒಂದು ರೈಲು, ಮಿಲ್ಬ್ರೆಯಲ್ಲಿ ಇಳಿದು ಇನ್ನೊಂದು. ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಅವಳು ಬೈಗುಳ ಜೋಡಿಸಿದಳು, ತಿದ್ದಿದಳು, ಎರಡನೆಯ ಕರಡು ಮಾಡಿದಳು. ಬೋಗಿಯಲ್ಲೆಲ್ಲ ಸೀಗೆಪುಡಿಯ ವಾಸನೆ. ಎದುರಿಗೆ ಕೂತಿದ್ದವರು ಎರಡು ಸಲ ಮೂಗರಳಿಸಿ ನೋಡಿ ಸುಮ್ಮನಾದರು.

ಸಂಸ್ಥೆಯ ವರ್ಕ್‌ಶಾಪಿನಲ್ಲಿ ಯೋಗಾನಂದ ಒಂದು ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಿಟಕಿಯಾಚೆ ಬಂದರಿನ ಕ್ರೇನುಗಳು. ಅವಳನ್ನು ಕಂಡು ಎದ್ದು ನಿಂತ. ಗಾಲಿ ಉರುಳಿ ಮೇಜಿನಡಿ ಹೋಯಿತು.

"ನೀವು... ಒಬ್ಬರೇ ಬಂದ್ರಾ?"

"ಇಲ್ಲ, ನನ್ನ ಜೊತೆ ನನ್ನ ಕೋಪಾನೂ ಬಂದಿದೆ. ಬ್ರೇಕಿಗೆ ಏನಾಗಿತ್ತು?"

"ಅದೇ... ಸ್ಕ್ರೂ..."

"ಇನ್ನೊಂದ್ಸಲ ಕೇಳ್ತೀನಿ. ಏನಾಗಿತ್ತು?"

ಅವನು ಬಗ್ಗಿ ಮೇಜಿನಡಿಯ ಗಾಲಿ ಎತ್ತಿ ಮೇಜಿನ ಮೇಲಿಟ್ಟ. "ಹರಳೆಣ್ಣೆ."

"ಮತ್ಯಾಕೆ ಸುಳ್ಳು ಹೇಳಿದ್ರಿ?"

"ಅಮ್ಮಾವ್ರ ಕೈ ನಡುಗ್ತಿತ್ತು ಹರಿಪ್ರಿಯಾ ಅವರೇ. ಮಗಳನ್ನ ಬೀಳಿಸಿದ್ದು ನೀವೇ ಅಂತ ಆ ಹೊತ್ತಲ್ಲಿ ಹೆಂಗೆ ಹೇಳೋದು? ನನ್ನ ಮೇಲೆ ಹಾಕ್ಕೊಂಡ್ರೆ ಮುಗೀತದೆ ಅನ್ಕೊಂಡೆ."

"ಮುಗೀಲಿಲ್ಲ. ನಿಮ್ಮ ಸುಳ್ಳು ನಂಬ್ಕೊಂಡು ಅಮ್ಮ ಇವತ್ತು ಇನ್ನೊಂದು ಕುರ್ಚಿಗೂ ಎಣ್ಣೆ ಸವರಿದ್ಲು. ಅದರ ಮೇಲೆ ಕೂತಿದ್ದು ಯಾರು ಹೇಳಿ?"

ಯೋಗಾನಂದ ಸ್ಟೂಲಿನ ಮೇಲೆ ಕುಸಿದು ಕೂತ.

ಹರಿಪ್ರಿಯಾ ಬಿಡಲಿಲ್ಲ. "ನೀವು ನಮ್ಮಮ್ಮನ ಮೇಲೆ ದಯೆ ತೋರಿಸಿದ್ರಿ. ಕಳ್ಕೊಂಡಿದ್ದು ನಾನು. ನನ್ನ ಕುರ್ಚಿ, ನನ್ನ ಬಾಗಿಲು, ನನ್ನ ಆರು ದಿನ. ಮೊದಲ ದಿನ ನನ್ನನ್ನ ಬಿಟ್ಟು ಅಮ್ಮನ್ನ ಕೇಳಿದ್ರಿ. ಕೊನೇ ದಿನಾನೂ ಅಮ್ಮನ್ನೇ ನೋಡಿದ್ರಿ. ನಿಜ ತಡ್ಕೊಳ್ಳೋ ಶಕ್ತಿ ನನಗಿದೆಯಾ ಅಂತ ನನ್ನನ್ನ ಕೇಳಬೇಕಿತ್ತು ಯೋಗಾನಂದ್."

"ಕೇಳಬೇಕಿತ್ತು."

"ಅಷ್ಟೇನಾ? ವಾದ ಮಾಡಲ್ವಾ?"

"ಏನಂತ ಮಾಡ್ಲಿ? ನೀವು ಹೇಳಿದ್ದೆಲ್ಲ ಸರಿಯಾಗೇ ಐತೆ."

ಎರಡು ಗಂಟೆ ಕಷ್ಟಪಟ್ಟು ಜೋಡಿಸಿದ ಬೈಗುಳ ಅರ್ಧಕ್ಕೇ ನಿಂತುಹೋಯಿತು. ಎದುರಾಳಿ ಒಪ್ಪಿಕೊಂಡುಬಿಟ್ಟರೆ ಜಗಳಗಂಟರಿಗೆ ಅದಕ್ಕಿಂತ ದೊಡ್ಡ ಮೋಸವಿಲ್ಲ.

"ಮತ್ತೆ ನನ್ನ ಫೈಲು?" ದನಿ ಈಗ ಸ್ವಲ್ಪ ಇಳಿದಿತ್ತು. "ಅದನ್ಯಾಕೆ ಕಿರಣಕುಮಾರ್‌ಗೆ ಕೊಟ್ರಿ? ತಪ್ಪಿಸ್ಕೊಳ್ಳಕ್ಕಾ?"

"ನಿಮ್ಮ ಕುರ್ಚಿ ನೋಡ್ಕೊಳ್ಳೋ ಕೆಲಸದಲ್ಲಿ ಇದ್ಕೊಂಡು ಆ ಮಾತು ಆಡಬಾರದು. ಅದು ತಪ್ಪು. ಅದಕ್ಕೇ ಮೊದಲು ಫೈಲು ಕೊಟ್ಟೆ. ಆಮೇಲೆ... ಧೈರ್ಯ ಬರ್ಲಿಲ್ಲ."

"ಯಾವ ಮಾತು?"

ಅವನು ಕೈಗೆ ಹತ್ತಿದ ಮಸಿಯನ್ನು ಬಟ್ಟೆಗೆ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಒಂದ್ಸಲ ಬರಬೇಕಿತ್ತು ನಾನು. ಐದು ಸಲ ಬಂದೆ. ಕುರ್ಚಿ ಚೆನ್ನಾಗೇ ಇತ್ತು. ನಿಮ್ಮನ್ನ ನೋಡ್ದೆ ಇದ್ರೆ ನನಗೇ ಚೆನ್ನಾಗಿರ್ತಿರಲಿಲ್ಲ."

ಹರಿಪ್ರಿಯಾ ಗಲ್ಲ ಮೇಲೆತ್ತಿದಳು. "ಕರುಣೆ ಆದ್ರೆ ಬೇಡ."

"ಕರುಣೆನಾ?" ಅವನು ನಿಜಕ್ಕೂ ಬೆರಗಾದ. "ನಿಮ್ಮನ್ನ ಕಂಡ್ರೆ ನನಗೆ ಹೆದರಿಕೆ ಆಯ್ತದೆ."

ಅವಳಿಗೆ ನಗು ಬಂತು. ನಗುವನ್ನು ಕೆಮ್ಮು ಮಾಡಿದಳು.

"ಸುಳ್ಳಾಡಿದ ಬಾಯಲ್ಲಿ ಈ ಮಾತು ನಾನು ಕೇಳಿಸ್ಕೊಳ್ಳಲ್ಲ. ಮೊದಲು ನಮ್ಮನೆಗೆ ಬಂದು ಅಮ್ಮನ ಮುಂದೆ ನಿಜ ಹೇಳಿ. ಕುರ್ಚೀನೂ ತನ್ನಿ, ಚಿಲಕಾನೂ ತನ್ನಿ. ಆಮೇಲೆ ಬೇಕಿದ್ರೆ ಇನ್ನೊಂದ್ಸಲ ಹೇಳಿ."

"ಇನ್ನೊಂದ್ಸಲ ಹೇಳಿದ್ರೆ?"

"ಕೇಳಿಸ್ಕೋತೀನಿ. ಒಪ್ಕೋತೀನಿ ಅಂತ ಹೇಳ್ಲಿಲ್ಲ."

ಇಬ್ಬರನ್ನೂ ಕೂರಿಸಿಕೊಂಡು ಸಂಸ್ಥೆಯ ವ್ಯಾನು ಸೇತುವೆ ದಾಟಿತು. ಹಿಂದೆ ಕಟ್ಟಿಟ್ಟ ದೊಡ್ಡ ಗಾಲಿಯ ಕುರ್ಚಿ ಪ್ರತಿ ತಿರುವಿನಲ್ಲೂ ಸಣ್ಣಗೆ ಸದ್ದು ಮಾಡಿತು.

ಮನೆಯಲ್ಲಿ ಯೋಗಾನಂದ ನಿಜ ಹೇಳಿದ, ರಮಾ ಪೂರ್ತಿ ಕೇಳಿಸಿಕೊಂಡರು. ಬ್ರೇಕು ರಬ್ಬರನ್ನು ಕಚ್ಚಿ ಹಿಡಿದರೆ ಮಾತ್ರ ಗಾಲಿ ನಿಲ್ಲುತ್ತದೆ, ಎಣ್ಣೆ ಬಿದ್ದರೆ ಕಚ್ಚುವುದಿಲ್ಲ, ಜಾರುತ್ತದೆ ಎಂದು ಅವನು ತೋರಿಸಿಕೊಟ್ಟ. ಅವರು ಸೋಫಾದ ಅಂಚಿನಲ್ಲಿ ಕೂತು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಅಂದ್ರೆ ನನ್ನ ಕೈಯಿಂದಲೇ..."

ಹರಿಪ್ರಿಯಾ ಹತ್ತಿರ ಬಂದು ಆ ಕೈ ಹಿಡಿದಳು. "ಹೌದಮ್ಮ. ನಿನ್ನ ಕೈಯಿಂದಲೇ. ನಿನಗೆ ನೋವಾಗಲಿ ಅಂತ ಹೇಳ್ತಿಲ್ಲ. ಗೊತ್ತಿದ್ರೆ ಇನ್ಮೇಲೆ ಹಾಕಲ್ಲ ನೀನು. ಅಷ್ಟೇ."

"ಆವತ್ತು ಚಿಲಕ ತೆಗೆಯೋ ತನಕ... ನಾನು ಸತ್ತೇಹೋಗಿದ್ದೆ ಕಣೇ."

"ನಂಗೊತ್ತು. ಆದ್ರೆ ಚಿಲಕ ತೆಗೆದಿದ್ದು ಯಾರು? ನಾನೇ ತೆವಳ್ಕೊಂಡು ಬಂದು ತೆಗೆದೆ. ನಾನು ಬಿದ್ದಿದ್ದನ್ನ ಮಾತ್ರ ನೀನು ನೋಡ್ದೆ. ನಾನೇ ಬಂದಿದ್ದು ನೋಡ್ಲಿಲ್ಲ." ಅವಳ ದನಿ ಗಟ್ಟಿಯಾಯಿತು. "ಇನ್ನೊಂದ್ಸಲಾನೂ ಬೀಳಬಹುದು. ಆಗಲೂ ಬಾಗಿಲು ನನ್ನದೇ. ಫೋನು ಒಳಗೆ ಇಟ್ಕೋತೀನಿ. ಇವತ್ತಿಗೆ ಹಳೇದೇ ಸಾಕು, ಮುಂದೆ ಹೊರಗಿನಿಂದಲೂ ತೆಗೆಯೋ ಚಿಲಕ ಹಾಕಿಸೋಣ, ಅದರ ಕೀ ನಿನ್ನ ಹತ್ರ ಇರಲಿ. ಆದ್ರೆ ನಾನು ಕರೆದ್ರೆ ಮಾತ್ರ. ಶುಕ್ರವಾರದ ಎಣ್ಣೆಸ್ನಾನ ನಿನ್ನದೇ."

ರಮಾ ಸೆರಗಿನಿಂದ ಮೂಗೊರೆಸಿಕೊಂಡು ಯೋಗಾನಂದನ ಕಡೆ ತಿರುಗಿದರು.

"ಸುಳ್ಳು ಹೇಳಕ್ಕೂ ಬರಲ್ಲ ನಿಮಗೆ. ಹದಿನಾಲ್ಕೇ ದಿನಕ್ಕೆ ಸಿಕ್ಕಿಬಿದ್ರಿ. ಕೂರಿಸಿ ಆ ಚಿಲಕಾನ. ಕಾಫಿ ಇಡ್ತೀನಿ."

ಸಂಜೆ ಐದಕ್ಕೆ ಹರಿಪ್ರಿಯಾ ಒಳಗೆ ಹೋದಳು. ದೊಡ್ಡ ಗಾಲಿಗಳ ಬಳೆಗಳನ್ನು ಹಿಡಿದು, ತಾನೇ ತಿರುಗಿಸಿಕೊಂಡು. ಅವಳ ಗಾಲಿಕುರ್ಚಿ ಒಳಗೆ ಗೋಡೆಯ ಪಕ್ಕ ಕಾದಿತ್ತು. ಬೆಳಗ್ಗೆಯ ಎಣ್ಣೆ ಜಿಡ್ಡು ಇನ್ನೂ ತಲೆಯಲ್ಲಿತ್ತು. ಒಳಗಿನಿಂದ ಚಿಲಕ ಬಿತ್ತು. ನೀರು ಸುರಿಯತೊಡಗಿತು.

ಹೊರಗೆ ರಮಾ ಕಾಫಿಲೋಟ ಮುಂದಿಡುತ್ತಾ ಕೇಳಿದರು. "ಮಂಡ್ಯದಲ್ಲಿ ಯಾವ ಕಡೆಯೋರು?"

ಈ ಪ್ರಶ್ನೆಗೆ ಭೂಗೋಳದ ಉತ್ತರ ಬೇಕಾಗಿಲ್ಲವೆಂದು ಕನ್ನಡಿಗರೆಲ್ಲರಿಗೂ ಗೊತ್ತು. ಯೋಗಾನಂದನಿಗೂ ಗೊತ್ತಿತ್ತು.

"ಸೈಕಲ್ ಶಾಪಿನ ಕಡೆಯೋರು ಅಮ್ಮಾ."

ರಮಾ ಅವನನ್ನು ಒಂದು ಗುಟುಕಿನಷ್ಟು ಹೊತ್ತು ನೋಡಿದರು. "ಆ ಮಾತು ಆಮೇಲೆ ಆಡೋಣ," ಅಂದು, ದಿನಸಿ ತರುವ ನೆಪ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾಲ್ಕು ವರ್ಷದಲ್ಲಿ ಮಗಳು ಸ್ನಾನಕ್ಕೆ ಹೋದಾಗ ಅವರು ಮನೆಯಿಂದ ಹೊರಗೆ ಕಾಲಿಟ್ಟದ್ದು ಇದೇ ಮೊದಲು.

ನಲವತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು. ತನ್ನ ಗಾಲಿಕುರ್ಚಿಯಲ್ಲಿ, ಒಗೆದ ಬಟ್ಟೆ ತೊಟ್ಟು, ಒದ್ದೆ ಕೂದಲು ಹೆಗಲ ಮೇಲೆ ಬಿಟ್ಟುಕೊಂಡು ಹರಿಪ್ರಿಯಾ ಬಂದಳು. ಮಡಿಲಲ್ಲಿ ಒಂದು ಟವೆಲು.

ಯೋಗಾನಂದ ಕಾಫಿ ಮುಟ್ಟಿರಲಿಲ್ಲ.

"ಭಯ ಆಯ್ತಾ?" ಕೇಳಿದಳು.

"ಆಯ್ತು."

"ಬಾಗಿಲು ತಟ್ಟಬೇಕು ಅನ್ನಿಸ್ತಾ?"

"ಮೂರು ಸಲ."

"ಯಾಕೆ ತಟ್ಟಲಿಲ್ಲ?"

"ನೀವು ಕರೀಲಿಲ್ವಲ್ಲ."

ಹರಿಪ್ರಿಯಾ ಟವೆಲು ಅವನ ಕಡೆ ಚಾಚಿದಳು.

"ತಲೆ ಒರೆಸ್ತೀರಾ? ನನಗೆ ಆಗಲ್ಲ ಅಂತ ಅಲ್ಲ. ನನಗೆ ಚೆನ್ನಾಗೇ ಆಗತ್ತೆ. ಆದ್ರೂ... ನೀವು ಒರೆಸಿದ್ರೆ ನನಗಿಷ್ಟ."

ಅವನು ಎದ್ದು ಬಂದು ಟವೆಲು ತೆಗೆದುಕೊಂಡ. ಅವಳ ಹಿಂದೆ ನಿಂತು ಒದ್ದೆ ಕೂದಲಿಗೆ ಒತ್ತಿದ.

"ಮಧ್ಯಾಹ್ನದ ಮಾತು ಇನ್ನೊಂದ್ಸಲ ಹೇಳ್ಲಾ?" ಎಂದು ಮೆಲ್ಲನೆ ಕೇಳಿದ.

"ಹೇಳಿ," ಅಂದಳು ಹರಿಪ್ರಿಯಾ, ಕಣ್ಣು ಮುಚ್ಚಿ. "ಮುಂದೆ ಬಂದು ಹೇಳಿ. ನಿಮ್ಮ ಮುಖ ನೋಡ್ಕೊಂಡು ಒಪ್ಕೋಬೇಕು ನಾನು."